ನೀಲಿ ಮಾತ್ರೆಯ ಸೋಮವಾರ

ಸೋಮವಾರ ಬಿಸಿಯೂಟ ಆದ ಮೇಲೆ ದೊಡ್ಡ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವುದು ನನ್ನ ಕೆಲಸ. ಕಡಬದಿಂದ ಒಳಗಿರುವ ನಮ್ಮ ಸಣ್ಣ ಶಾಲೆಯಲ್ಲಿ ಅದೇ ದೊಡ್ಡ ರಗಳೆ. ನುಂಗಿದ ಹಾಗೆ ಮಾಡಿ ನಾಲಗೆಯ ಅಡಿಯಲ್ಲಿ ಇಟ್ಟುಕೊಳ್ಳುವ ಪೋಕ್ರಿಗಳು. "ಬಾಯಿ ತೆಗಿ, ಆ ಹೇಳು" ಎಂದು ಕಿರುಚಿ ಗಂಟಲು ಹೋಗುವುದು ನನ್ನದು.

ಆ ಸೋಮವಾರ ಮಾತ್ರೆ ಕೊಟ್ಟು ಕ್ಲಾಸಿನಲ್ಲಿ ಕೂತಿದ್ದೆ ಅಷ್ಟೆ. ಏಳನೆಯ ಕ್ಲಾಸಿನ ಹುಡುಗಿ, ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಜೋರು ಓಡುವವಳು, ನೀರಿನ ನಳ್ಳಿಯ ಹತ್ತಿರ ಕಪ್ಪಗೆ ಕಕ್ಕುತ್ತಿದ್ದಾಳೆ ಎಂದು ಮಕ್ಕಳು ಓಡಿ ಬಂದರು. ನಾನು ಹೋಗುವಾಗ ಅಡುಗೆಯ ಅಕ್ಕ ಲೋಟದಲ್ಲಿ ಉಪ್ಪುನೀರು ಹಿಡಿದು ನಿಂತಿದ್ದರು.

"ಕುಡಿಸಿ ಪೂರ ಕಕ್ಕಿಸುವ, ಟೀಚರ್."

"ಎಂತದೂ ಕುಡಿಸುದು ಬೇಡ, ಇಡಿ ಅದನ್ನು!" ಎಂದು ರೇಗಿದೆ. ಗೆಳತಿಯರ ಕಡೆ ತಿರುಗಿ, "ಎಂತ ತಿಂದಳು? ಹೇಳಿ, ಬೈಯುದಿಲ್ಲ" ಎಂದೆ.

ಒಬ್ಬಳು ಅಳುತ್ತಾ ಬಾಯಿಬಿಟ್ಟಳು. ತಾವು ನುಂಗದ ಮಾತ್ರೆಗಳನ್ನು ವಾರ ವಾರ ಇವಳಿಗೆ ಕೊಡುತ್ತಿದ್ದರಂತೆ. ಇವಳೇ ಕೇಳುತ್ತಿದ್ದಳಂತೆ. ರಕ್ತ ಪರೀಕ್ಷೆಗೆ ಬಂದವರು "ನಿನಗೆ ರಕ್ತ ಕಡಿಮೆ ಉಂಟು, ಓಡುದು ಬೇಡ" ಎಂದು ಹೇಳಿ ಹೋಗಿದ್ದರು. ತಾಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು. ಬೇಗ ರಕ್ತ ಹೆಚ್ಚಲಿ ಎಂದು ಕೂಡಿಟ್ಟದ್ದನ್ನೆಲ್ಲ ಬೆಳಿಗ್ಗೆ ಒಂದೇ ಸಲ ನುಂಗಿದ್ದಳು.

ಅವಳ ಕಂಪಾಸ್ ಬಾಕ್ಸಿನ ಮೂಲೆಯಲ್ಲಿ ಕಣ್ಣು ತಪ್ಪಿದ ಒಂದು ಮಾತ್ರೆ ಉಳಿದಿತ್ತು. ಡಾಕ್ಟರಿಗೆ ತೋರಿಸಲೆಂದು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹತ್ತಿರದ ಮನೆಯವರ ಜೀಪಿನಲ್ಲಿ ಅವಳನ್ನು ಒರಗಿಸಿಕೊಂಡು ಪುತ್ತೂರಿಗೆ ಹೋದೆ. ದಾರಿಯ ನೆನಪೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸ್ ನನ್ನ ಬೆರಳು ಬಿಡಿಸಿದಾಗ ಅಂಗೈಯೆಲ್ಲ ನೀಲಿ. ಅಳು ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ. ಒಳಗೆ ಎಂತದೂ ಇರಲಿಲ್ಲ.

ಸಂಜೆಗೆ ವಾಂತಿ ನಿಂತಿತು. ಹುಡುಗಿ ನಕ್ಕಳು ಕೂಡ. ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುವ ಅವಳ ಅಮ್ಮ ಸುದ್ದಿ ಕೇಳಿ ಬಂದಿದ್ದರು, ಆಗಲೇ ಬಟ್ಟೆಯ ಚೀಲ ಕಟ್ಟಿದ್ದರು. "ಹುಷಾರಾದಳಲ್ಲ ಟೀಚರ್, ಮನೆಗೆ ಕರ್ಕೊಂಡು ಹೋಗ್ತೇನೆ. ಯಾರದ್ದೋ ದೃಷ್ಟಿ ಆದದ್ದು."

ಕಬ್ಬಿಣ ಹೆಚ್ಚಾದರೆ ವಿಷ, ನಡುವೆ ಹೀಗೆ ಹುಷಾರಾದ ಹಾಗೆ ಕಾಣುತ್ತದೆ, ನಂಬಬೇಡಿ ಎಂದು ಡಾಕ್ಟರ್ ಆಗಷ್ಟೇ ಹೇಳಿ ಹೋಗಿದ್ದರು. "ನಿಮಗೆ ಮಂಡೆ ಸರಿ ಉಂಟಾ?" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚಿದೆ. ಚೀಲ ಕಿತ್ತುಕೊಂಡು ಅದರ ಮೇಲೆಯೇ ಕೂತೆ.

ಡಾಕ್ಟರ್ ಹೇಳಿದ ಹಾಗೆಯೇ ಆಯಿತು. ಮರುದಿನ ಅವಳಿಗೆ ಅಮ್ಮನ ಗುರುತೂ ಸಿಗಲಿಲ್ಲ. ಬದುಕುವುದು ಕಷ್ಟ ಎಂದರು. ಅವಳ ಅಮ್ಮ, ನಾನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ಅಮ್ಮ ಕ್ಯಾಂಟೀನಿನಿಂದ ಬನ್ಸ್ ತಂದು ಅರ್ಧ ನನಗೆ ಕೊಟ್ಟರು. ತಿಂದೆ. ಸಿಹಿಯೋ ಸಪ್ಪೆಯೋ ಗೊತ್ತಾಗಲಿಲ್ಲ.

ದಿನಗಳು ಹೀಗೆಯೇ ಹೋದವು. ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಟೀಚರ್, ಈಗ ರಕ್ತ ಎಷ್ಟುಂಟು?"

"ಬೇಕಾದಷ್ಟುಂಟು ಮಾರಾಯ್ತಿ, ಸುಮ್ಮನೆ ಮಲಗು."

"ಹಾಗಾದ್ರೆ ಓಡ್ಬಹುದಲ್ಲ?"

ಕ್ರೀಡಾಕೂಟ ಮುಗಿದುಹೋಗಿತ್ತು. ಹೂಂ ಎಂದೆ. ಆಗ ನನ್ನ ಕಾಲು ನಡುಗಲು ಸುರುವಾಯಿತು. ಅವಳ ಅಮ್ಮನೇ ನನ್ನ ರಟ್ಟೆ ಹಿಡಿದು ಬೆಂಚಿನಲ್ಲಿ ಕೂರಿಸಿದರು.