ತೇಲುವ ಊರಿನ ಛತ್ರ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕನ್ನಡಕದಂಗಡಿ ಇಟ್ಟಿದ್ದಾನೆ. ಭಾನುವಾರಗಳಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಗೆಳೆಯರೊಡನೆ ಅವನದೊಂದು ಆಟ ನಡೆಯುತ್ತಿತ್ತು. ಮೋಡದ ಮೇಲೆ ತೇಲುವ ಊರಿನ ಕಥೆಯನ್ನು ಇವನು ಹೇಳುವನು. ಅವರು ದಾಳ ಉರುಳಿಸುತ್ತ ಆ ಊರಿನ ಕಳ್ಳ, ವೈದ್ಯ, ಸಿಪಾಯಿಯಾಗಿ ಆಡುವರು. ಆಟಕ್ಕೆ ಬಾರದವನ ಪಾತ್ರ ಛತ್ರದಲ್ಲಿ ಮಲಗಿರಬೇಕೆಂಬುದು ನಿಯಮ. ಕೆಲಸ, ಸಂಸಾರವೆಂದು ಒಬ್ಬೊಬ್ಬರಾಗಿ ಎಲ್ಲರೂ ಬರುವುದನ್ನು ಬಿಟ್ಟರು.

ಮೊನ್ನೆ ಹೋದಾಗ ಮೇಜಿನ ಮುಂದೆ ಒಬ್ಬನೇ ಕುಳಿತಿದ್ದ.

“ಮೂವರೂ ಗೊರಕೆ ಹೊಡೀತಿದಾರೆ ಸಾರ್. ಕಥೆ ಮುಂದಕ್ಕೇ ಹೋಗ್ತಿಲ್ಲ.”

“ನೀನೇ ಎಬ್ಬಿಸಬಾರದೇನೋ?”

“ಆಡೋರೇ ಬಂದು ಎಬ್ಬಿಸ್ಬೇಕು ಸಾರ್.”

“ಹಾಗಾದ್ರೆ ನಾನು ಆಡ್ತೀನಿ. ನನ್ನನ್ನ ಮೇಷ್ಟ್ರು ಮಾಡು.”

“ಅಲ್ಲೂ ಮೇಷ್ಟ್ರೇ? ಜನ ಊರು ಬಿಟ್ಟು ಓಡ್ತಾರೆ!” ಎಂದು ನಕ್ಕ.

ನಾನು ಅಂಬಿಗನಾದೆ. ಅವನು ಉತ್ಸಾಹದಿಂದ ಕಥೆ ಹೇಳತೊಡಗಿದ. ನಮ್ಮ ದಾರಿ ಛತ್ರದ ಮುಂದೆ ಹಾದಾಗ ಮಾತ್ರ, ಒಳಗೆ ಯಾರೋ ನಿಜವಾಗಿಯೇ ಮಲಗಿರುವಂತೆ, ದನಿ ತಗ್ಗಿಸಿದ.