ಒಂದು ನಕ್ಷೆಯೊಳಗೆ ಹದಿನಾರು ಮನೆ

ಮಿತ್ರರೇ, ಇಂದು ನಮ್ಮ ಉಡುಪಿಯ ಕಚೇರಿಯಲ್ಲಿ ಕೆಮ್ಮಣ್ಣಿನ ಫೆಲಿಕ್ಸ್ ಅವರ ಮನೆಯ ನಕ್ಷೆ ಕಂಪ್ಯೂಟರಿನಲ್ಲಿ ಮೂರು ಬಾರಿ ಹ್ಯಾಂಗ್ ಆಯಿತು. ಅವರು ಸಂಜೆ ದುಬೈ ವಿಮಾನ ಹತ್ತುವವರು. ಅಷ್ಟರೊಳಗೆ ನಕ್ಷೆ ನೋಡಿ ಒಪ್ಪದಿದ್ದರೆ ಮನೆಯ ಕೆಲಸ ಮುಂದಿನ ರಜೆಗೇ.

"ಬಿಸಿಯಾದದ್ದು ಮಾರಾಯ್ತಿ, ಗಾಳಿ ಬೇಕು," ಎಂದು ನಮ್ಮ ಇಂಜಿನಿಯರರು ಟೇಬಲ್ ಫ್ಯಾನನ್ನು ಕಂಪ್ಯೂಟರಿನತ್ತ ತಿರುಗಿಸಿದರು.

ನಾನು ಫೈಲನ್ನೇ ಪರೀಕ್ಷಿಸಿದೆ. ತಾವು ಮೊದಲು ಕಟ್ಟಿಸಿದ ಅಜೆಕಾರಿನ ಮನೆ ಶುಭ ತಂದಿತೆಂದು, ಪ್ರತಿ ಹೊಸ ನಕ್ಷೆಯನ್ನೂ ಹಳೆಯದರ ಪ್ರತಿಯಲ್ಲೇ ಆರಂಭಿಸುವುದು ನಮ್ಮ ಇಂಜಿನಿಯರರ ಸಂಪ್ರದಾಯ. ಹೀಗಾಗಿ ಫೆಲಿಕ್ಸ್ ಅವರ ನಕ್ಷೆಯೊಳಗೆ ಇತರರ ಹದಿನಾರು ಮನೆಗಳು ಕಣ್ಣಿಗೆ ಬೀಳದಂತೆ, ಫೈಲಿಗೆ ಭಾರವಾಗಿ ವಾಸವಾಗಿದ್ದವು. ಆ ಹದಿನಾರನ್ನೂ ಅಳಿಸಿದೆ. ನಕ್ಷೆ ಸರಾಗವಾಗಿ ತೆರೆದುಕೊಂಡಿತು.

"ಅಡುಗೆಕೋಣೆ ಲಾಯ್ಕುಂಟು, ಶುರು ಮಾಡಿ," ಎಂದ ಫೆಲಿಕ್ಸ್ ಕೇಳಿದರು, "ಕಂಪ್ಯೂಟರಿಗೆ ಎಂತ ಆಗಿತ್ತು?"

"ಎಂತ ಇಲ್ಲ, ಫ್ಯಾನ್ ಇಟ್ಟ ಮೇಲೆ ಸರಿಯಾಯ್ತು!" ಎಂದರು ನಮ್ಮ ಇಂಜಿನಿಯರರು.

ನಾಳೆ ಇಂಜಿನಿಯರಿಂಗ್ ಪದವಿಯಲ್ಲಿ ನನಗೆ ಬಂದ ಪ್ರಥಮ ರ‍್ಯಾಂಕಿನ ಚಿನ್ನದ ಪದಕವನ್ನು ಆ ಫ್ಯಾನಿಗೆ ಗೌರವಪೂರ್ವಕವಾಗಿ ತೊಡಿಸಲಿದ್ದೇನೆ.