ದೊಡ್ಡವ್ವ ಪಾಳಿಗಿಟ್ಟ ಕೊಡ

ಇವತ್ತು ಕೆನಡಾದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಡಮ್ ಆಗಿ ನನ್ನ ಮೊದಲ ದಿನ. ಅರ್ಧ ಗಂಟೆ ಮೊದಲೇ ಹೋಗಿ ನೋಡಿದರೆ, ಹುಡುಗರು ತರಗತಿಯ ಬಾಗಿಲಿಗೆ ಬ್ಯಾಗುಗಳನ್ನು ಸಾಲಾಗಿಟ್ಟು ಕಾಫಿಗೆ ಹೋಗಿದ್ದರು. ನಗು ಬಂತು. ನಮ್ಮೂರು ಕೊಟ್ಟೂರಿನಲ್ಲಿ ನಳದ ಮುಂದೆ ಕೊಡಗಳೂ ಹೀಗೇ ನಿಲ್ಲುತ್ತಿದ್ದವು. ನೀವು ಮನೆಗೆ ಹೋಗಿ ನಾಲ್ಕು ರೊಟ್ಟಿ ಬಡಿದು ಬನ್ನಿ, ಕೊಡ ನಿಮ್ಮ ಪಾಳಿ ಕಾಯುತ್ತದೆ. ಇನ್ನೊಬ್ಬರ ಕೊಡ ಸರಿಸಿದಿರೋ, ಜಗಳ ಮೂರು ಓಣಿಗೆ ಕೇಳುತ್ತದೆ.

ಆ ಸಾಲಿನಲ್ಲಿ ನಮ್ಮ ಕೇರಿಯ ಕೊಡಕ್ಕೆ ಮಾತ್ರ ಜಾಗವಿರಲಿಲ್ಲ. ದೂರ ನಿಂತು, ಯಾರಾದರೂ ಮೇಲಿಂದ ಸುರಿದರೆ ಹಿಡಿದುಕೊಳ್ಳಬೇಕು. ನನ್ನನ್ನು ಸಾಕಿದ ದೊಡ್ಡವ್ವ ಒಂದು ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಹೋದವಳೇ ನಮ್ಮ ಕೊಡವನ್ನು ನಳದ ಬುಡಕ್ಕೇ ಇಟ್ಟು, ದೂರದ ಕಲ್ಲಿನ ಮೇಲೆ ಕೂತಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ಕೂತೆ.

"ಯಾರ್ದಿದು? ತಗೀರಿ!" ನೀರಿಗೆ ಬಂದ ಹೆಂಗಸರು ಕೂಗಿದರು.

"ನಂದ್ರೀ ಅವ್ವಾರ. ಅಡ್ಡ ಆಗಿದ್ರ ನೀವ ಸರಸ್ರಿ."

ಸರಿಸಬೇಕೆಂದರೆ ಮುಟ್ಟಬೇಕು. ಒದೆಯಬಹುದಿತ್ತಲ್ಲ ಅಂತೀರಾ? ಕಾಲೂ ಮೈಯೇ ತಾನೆ! ಅವರು ಮುಖ ಮುಖ ನೋಡಿಕೊಳ್ಳುವುದರೊಳಗೆ ನೀರು ಬಂತು, ಕೊಡ ತುಂಬಿತು. ಒಬ್ಬಾಕೆ ಮೈಲಿಗೆ ಹೋಗಲೆಂದು ಹುಣಸೆಹಣ್ಣು ಹಚ್ಚಿ ನಳ ತಿಕ್ಕಿದಳು. ದೊಡ್ಡವ್ವ ಮರುದಿನವೂ ಕೊಡ ಇಟ್ಟಳು, ಅದರ ಮರುದಿನವೂ ಇಟ್ಟಳು. ದಿನಾ ಹುಣಸೆಹಣ್ಣು ಯಾರಿಗೆ ಪೂರೈಸುತ್ತದೆ ಹೇಳಿ?

ನಾನು ಹರಪನಹಳ್ಳಿಯಲ್ಲಿ ಬಿ.ಎ. ಮುಗಿಸಿ, ಮುಂದೆ ಓದುತ್ತ ಓದುತ್ತ ಈ ದೇಶಕ್ಕೆ ಬಂದೆ. ಪಿಎಚ್‌ಡಿ ಸಿಕ್ಕಿತು, ಕೆಲಸ ಸಿಗಲಿಲ್ಲ. ವೀಸಾ ಮುಗಿಯುತ್ತ ಬಂದಾಗ ಈ ಕಾಲೇಜಿನವರು ಮಾದರಿ ಪಾಠ ಮಾಡಿ ಎಂದರು. ವಿಷಯ 'ಅಧಿಕಾರ'. ದೊಡ್ಡ ದೊಡ್ಡ ಮಾತಾಡಿದೆ. ಹುಡುಗರು ಆಕಳಿಸಿದರು. ಒಬ್ಬಳು ಮಾತ್ರ ಕೈಯೆತ್ತಿ, ಕೈಯಲ್ಲಿ ಏನೂ ಇಲ್ಲದವರು ಕಟ್ಟಳೆ ಮುರಿಯುವುದು ಹೇಗೆ ಎಂದು ಕೇಳಿದಳು.

ನನ್ನ ಕೇರಿ ಯಾವುದೆಂದು ಈ ದೇಶದಲ್ಲಿ ಯಾರಿಗೂ ಹೇಳಿದವಳಲ್ಲ. ಆಯ್ಕೆ ಸಮಿತಿಯಲ್ಲಿ ನಮ್ಮ ದೇಶದ ಹೆಂಗಸೇ ಒಬ್ಬರು ಕೂತಿದ್ದರು. ಹೆದರಿಕೆಯಾಯಿತು. ಆದರೂ ಕೊಡದ ಕತೆ ಹೇಳಿಬಿಟ್ಟೆ. ಕೆಲಸ ಸಿಕ್ಕಿತು.

ಇವತ್ತು ತರಗತಿಯ ಬಾಗಿಲ ಬಳಿ ನಿಂತೇ ದೊಡ್ಡವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಕೊಡದ ಸುದ್ದಿ ಹೇಳಿದ್ಕ ಪಗಾರ ಕೊಡ್ತಾರೇನವ್ವ?" ಎಂದು ನಕ್ಕಳು. ಆಮೇಲೆ ದನಿ ಇಳಿಸಿ, "ಆ ನಮ್ ದೇಶದಾಕಿ ಏನ್ ಮಾಡಿದ್ಲು?"

"ಎದ್ದು ಬಂದು ನನ್ ಕೈ ಹಿಡಕೊಂಡ್ಲು."

"ಎಲ್ಲಾರ ಮುಂದ?"

"ಎಲ್ಲಾರ ಮುಂದ, ದೊಡ್ಡವ್ವ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ನನಗೂ ಕಣ್ಣು ತುಂಬಿತು.

ಹೊತ್ತಾಗಿತ್ತು. ಕಣ್ಣೊರೆಸಿಕೊಂಡು ಒಳಗೆ ಹೋದೆ. ಹುಡುಗರಿಗೆ ನನ್ನ ಹೆಸರು ಹೇಳಿದೆ, ಊರು ಹೇಳಿದೆ. ಯಾರೂ ಕೇಳದಿದ್ದರೂ ಕೇರಿಯ ಹೆಸರನ್ನೂ ಹೇಳಿದೆ.